ಶೂನ್ಯಾಗಾರದಲ್ಲಿ ಎರಡು ರಾತ್ರಿ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಅಚೌರ್ಯವ್ರತವನ್ನು ದೃಢಗೊಳಿಸುವ ಐದು ಭಾವನೆಗಳನ್ನು ಹೇಳಲಾಗಿದೆ. ಅವುಗಳಲ್ಲಿ ಮೊದಲ ಮೂರು ವಾಸಸ್ಥಾನಕ್ಕೆ ಸಂಬಂಧಿಸಿದವು: ಶೂನ್ಯಾಗಾರದಲ್ಲಿ ಇರುವುದು, ಅನ್ಯರು ಬಿಟ್ಟುಹೋದ ನೆಲೆಯಲ್ಲಿ ಇರುವುದು, ತಾನಿರುವ ಎಡೆಗೆ ಬರುವವರನ್ನು ತಡೆಯದಿರುವುದು. ಶೂನ್ಯಾಗಾರವೆಂದರೆ ಗಿರಿಗುಹೆ, ಮರದ ಪೊಟರೆ ಮೊದಲಾದವು ಎಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಕದಿಯದಿರುವುದಕ್ಕೂ ಗುಹೆಯಲ್ಲಿ ಮಲಗುವುದಕ್ಕೂ ಏನು ನಂಟು ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದಳು. ಪರಿಗ್ರಹದ ಮಾತನ್ನೆತ್ತಿ ಶಾಸ್ತ್ರಸಮ್ಮತವಾಗಿಯೇ ಉತ್ತರಿಸಿದ್ದೆ. ಆ ಉತ್ತರಕ್ಕೆ ರಕ್ತಮಾಂಸ ತುಂಬಿದ್ದು ಕೆಲವು ವರ್ಷಗಳ ಹಿಂದಿನ ಒಂದು ಡಿಸೆಂಬರಿನಲ್ಲಿ, ಮಹಾರಾಷ್ಟ್ರದ ಸಹ್ಯಾದ್ರಿಯಲ್ಲಿ.

ನಾವು ಐವರು. ಎಲ್ಲರೂ ಅಧ್ಯಾಪಕರು, ಎಲ್ಲರೂ ಐವತ್ತರ ಆಚೀಚೆಯವರು. ಅಕೋಲೆ ತಾಲ್ಲೂಕಿನ ರತನವಾಡಿಯಿಂದ ಹೊರಟು ರತನಗಡವನ್ನೇರಿ, ಕಾತ್ರಾಬಾಯಿ ಕಣಿವೆಯನ್ನು ದಾಟಿ, ಕುಮಶೇತ, ಪಾಚನೈ ಹಳ್ಳಿಗಳ ಮೂಲಕ ಹರಿಶ್ಚಂದ್ರಗಡವನ್ನು ಸೇರಿ, ನಾಲ್ಕನೆಯ ದಿನ ಖಿರೇಶ್ವರದ ಕಡೆಗೆ ಇಳಿಯುವುದೆಂದು ನಿಶ್ಚಯವಾಗಿತ್ತು. ದಾರಿ ತೋರಿಸಲು ರತನವಾಡಿಯ ಮಹಾದೇವ ಕೋಳಿ ಸಮುದಾಯದ ಯುವಕನೊಬ್ಬ ಜೊತೆಗಿದ್ದ. ಹೊರಡುವ ಮೊದಲು ಅಲ್ಲಿಯ ಅಮೃತೇಶ್ವರ ದೇವಾಲಯವನ್ನು ನೋಡಿಕೊಂಡೆವು. ಅದರ ಭಿತ್ತಿಯ ಕೆತ್ತನೆಯನ್ನು ಕುರಿತು ಬರೆಯತೊಡಗಿದರೆ ಬೆಟ್ಟ ಹತ್ತುವುದು ಉಳಿದೇಹೋಗುತ್ತದೆ.

ರತನಗಡದ ಕೊನೆಯ ಏರಿನಲ್ಲಿ ಬಂಡೆಗೆ ಕಬ್ಬಿಣದ ಏಣಿಗಳನ್ನು ಜೋಡಿಸಿದ್ದಾರೆ. ಕೋಟೆಯ ಬಾಗಿಲನ್ನು ದಾಟಿದ ಮೇಲೆ ಎರಡು ಗುಹೆಗಳಿವೆ. ಚಿಕ್ಕದರಲ್ಲಿ ರತ್ನಾದೇವಿ, ದೊಡ್ಡದರಲ್ಲಿ ದಾರಿಹೋಕರು. ತುದಿಯಲ್ಲಿ ಬಂಡೆಯನ್ನು ಗಾಳಿ ಆರಪಾರವಾಗಿ ಕೊರೆದ ಮಹಾರಂಧ್ರವೊಂದುಂಟು. ಸ್ಥಳೀಯರು ಅದನ್ನು ನೆಢೆ, ಎಂದರೆ ಸೂಜಿಯ ಕಣ್ಣು, ಎನ್ನುತ್ತಾರೆ. ಅಲ್ಲಿ ನಿಂತರೆ ಅಲಂಗ, ಮದನ, ಕುಲಂಗ ಕೋಟೆಗಳೂ, 1646 ಮೀಟರ್ ಎತ್ತರದ ಕಳಸೂಬಾಯಿಯೂ ಕಾಣುತ್ತವೆ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕ್ಷಿತಿಶಯನವೂ ಒಂದು. ಆ ಪದವನ್ನು ಮೂವತ್ತು ವರ್ಷ ಪಾಠ ಹೇಳಿದವನ ಬೆನ್ನಿಗೆ, ಕಂಬಳಿಯ ಕೆಳಗಿದ್ದ ಕೃಷ್ಣಶಿಲೆ ಅದರ ಅರ್ಥವನ್ನು ಒಂದೊಂದು ಎಲುಬಿಗೂ ಪ್ರತ್ಯೇಕವಾಗಿ ಬಿಡಿಸಿ ಹೇಳಿತು. ಕಲ್ಲಿನ ಗಡಸನ್ನಾದರೂ ತಾಳಬಹುದು. ಅದರ ತಣ್ಪನ್ನು ತಾಳುವುದು ಕಷ್ಟ. ಅದು ಮೈಯ ಕಾವನ್ನು ಬೆಳಗಿನವರೆಗೂ ಹೀರುತ್ತಲೇ ಇರುತ್ತದೆ. ತಮಿಳುನಾಡಿನ ಸಿತ್ತನ್ನವಾಸಲ್ ಬೆಟ್ಟದ ಏಳಡಿಪಟ್ಟಂ ಗುಹೆಯಲ್ಲಿ ಜೈನ ಮುನಿಗಳಿಗಾಗಿ ನುಣುಪುಗೊಳಿಸಿದ ಹದಿನೇಳು ಕಲ್ಲುಹಾಸುಗೆಗಳಿವೆ. ತಲೆಯ ಕಡೆ ಬಂಡೆಯನ್ನೇ ತುಸು ಉಬ್ಬಿಸಿ ದಿಂಬಿನಂತೆ ಕಡೆದಿದ್ದಾರೆ. ಅದನ್ನು ಓದಿದಾಗಲೆಲ್ಲ ವೈರಾಗ್ಯದ ಕಾಠಿಣ್ಯವೇ ನನ್ನ ಕಣ್ಣಿಗೆ ಕಟ್ಟುತ್ತಿತ್ತು. ರತನಗಡದಲ್ಲಿ ಮಾತ್ರ ಆ ದಿಂಬನ್ನು ಕಡೆದ ಕಲ್ಲುಕುಟಿಗನ ಅಂತಃಕರಣ ನೆನಪಿಗೆ ಬಂತು.

ಎರಡನೆಯ ರಾತ್ರಿ ಕುಮಶೇತದ ಮನೆಯೊಂದರ ಪಡಸಾಲೆಯಲ್ಲಿ ಕಳೆಯಿತು. ಸೆಗಣಿ ಸಾರಿಸಿದ ನೆಲ, ಅಕ್ಕಿಯ ರೊಟ್ಟಿ, ಗಾಢನಿದ್ರೆ.

ಹರಿಶ್ಚಂದ್ರಗಡವನ್ನು ಮುಟ್ಟಿದ್ದು ಮೂರನೆಯ ದಿನ ಮಧ್ಯಾಹ್ನ. ಇಲ್ಲಿಯ ಗುಹೆಗಳು ಪ್ರಕೃತಿನಿರ್ಮಿತವಲ್ಲ, ಕಡೆದವು. ಮರಾಠಿಗರು ಇಂಥವನ್ನು ಲೇಣಿ ಎನ್ನುತ್ತಾರೆ. ಪ್ರಾಕೃತದ ಲೇಣ, ಸಂಸ್ಕೃತದ ಲಯನ ಅದರ ಮೂಲ. ತಂಗುವ ತಾಣವೆಂದೇ ಅರ್ಥ. ಬೆಟ್ಟವನ್ನು ಕಡೆದವರ ಮನಸ್ಸಿನಲ್ಲಿ ಬರಲಿರುವ ಯಾರೋ ಒಬ್ಬ ದಾರಿಗನಿದ್ದ ಎಂಬುದಕ್ಕೆ ಈ ಶಬ್ದವೇ ಸಾಕ್ಷಿ. ಚಾಂಗದೇವನು ತತ್ತ್ವಸಾರವನ್ನು ಈ ಬೆಟ್ಟದಲ್ಲಿ ರಚಿಸಿದನೆಂಬ ಪ್ರತೀತಿಯಿದೆ. ಕೇದಾರೇಶ್ವರ ಗುಹೆಯಲ್ಲಿ ಸೊಂಟಮಟ್ಟದ ನೀರಿನ ನಡುವೆ ಮಹಾಲಿಂಗ ನಿಂತಿದೆ. ಸುತ್ತಲಿನ ನಾಲ್ಕು ಕಂಬಗಳಲ್ಲಿ ಮೂರು ಮುರಿದಿವೆ. ನಾಲ್ಕನೆಯದು ಮುರಿದ ದಿನ ಕಲಿಯುಗ ಮುಗಿಯುತ್ತದೆಂದು ಜನ ನಂಬುತ್ತಾರೆ. ಆ ನೀರಿಗೆ ಇಳಿದ ನಮ್ಮ ಇತಿಹಾಸದ ಮಿತ್ರರು ಒಂದು ಪ್ರದಕ್ಷಿಣೆ ಮುಗಿಸುವಷ್ಟರಲ್ಲಿ ಮಾತನ್ನೇ ಮರೆತಿದ್ದರು. ಅವರನ್ನು ಬಲ್ಲವರಿಗೆ ಇದು ಸಾಮಾನ್ಯ ಪವಾಡವಲ್ಲ.

ನಮ್ಮ ಪಾಲಿಗೆ ಒದಗಿದ ಗುಹೆ ಐದಾರು ಮಂದಿಗೆ ಸುಖವಾಗಿ ಸಾಕಾಗುವಂಥದ್ದು. ರಾತ್ರಿ ಹತ್ತು ಗಂಟೆ ಸುಮಾರಿಗೆ ತೋಲಾರ ಕಣಿವೆಯ ಕಡೆಯಿಂದ ಕತ್ತಲಲ್ಲಿ ದಾರಿ ತಪ್ಪಿ ಅಲೆದು ಬಂದ ಒಂಬತ್ತು ಹುಡುಗರು ಬಾಗಿಲಲ್ಲಿ ನಿಂತರು. ಉಳಿದ ಗುಹೆಗಳು ತುಂಬಿದ್ದವು. ಅವರ ಬಳಿ ತೆಳುವಾದ ಹೊದಿಕೆಗಳಷ್ಟೇ ಇದ್ದವು, ಹೊರಗೆ ಗಾಳಿ ಕೊರೆಯುತ್ತಿತ್ತು.

ನಮ್ಮ ಗಣಿತದ ಮಿತ್ರರು ಎದ್ದು ಕುಳಿತರು. “ನಾವು ಮೊದಲ ಬಂದೇವ್ರಿ. ಒಂಬತ್ತು ಮಂದಿಗೆ ಇಲ್ಲಿ ಜಾಗಾ ಎಲ್ಲೈತಿ?” ಎಂದರು. ಅವರು ನಿಷ್ಠುರರಲ್ಲ, ಮೂರು ದಿನದ ನಡಿಗೆಯಿಂದ ಅವರ ಮೊಣಕಾಲು ಊದಿಕೊಂಡಿತ್ತು. ಇತಿಹಾಸದವರು ಸಿಟ್ಟಾದರು. “ಮೊದಲ ಬಂದವರು ಇದನ್ನ ಕಡೆದವರು, ನೀವಲ್ಲ” ಎಂದರು. ಮಾತಿಗೆ ಮಾತು ಬೆಳೆಯಿತು. ಇಪ್ಪತ್ತೈದು ವರ್ಷಗಳ ಸ್ನೇಹ ನಾಲ್ಕು ಮೊಳ ಕಲ್ಲಿನ ಮೇಲೆ ಜಗಳಕ್ಕೆ ನಿಂತಿತ್ತು; ಕನ್ನಡ ತಿಳಿಯದ ಹುಡುಗರು ಅವರ ಮುಖ ಇವರ ಮುಖ ನೋಡುತ್ತಿದ್ದರು. ಗಣಿತದವರ ಮಾತು ಲೆಕ್ಕದ ದೃಷ್ಟಿಯಿಂದ ಸರಿಯೇ ಇತ್ತು. ಕದಿಯುವುದೆಂದರೆ ಇನ್ನೊಬ್ಬರ ವಸ್ತುವನ್ನು ಎತ್ತಿಕೊಳ್ಳುವುದು ಮಾತ್ರವೆಂದು ನಾವು ತಿಳಿದಿದ್ದೇವೆ. ಯಾರದೂ ಅಲ್ಲದ್ದನ್ನು, ಮೊದಲು ಕಂಡೆನೆಂಬ ಒಂದೇ ಕಾರಣಕ್ಕೆ ನನ್ನದೆನ್ನುವುದೂ ಅದೇ ಜಾತಿಗೆ ಸೇರಿದ್ದೆಂದು, ಬಾಗಿಲೇ ಇಲ್ಲದ ಮನೆಗಳಲ್ಲಿ ಮಲಗಿದ ಯತಿಗಳು ಅನುಭವದಿಂದ ಅರಿತಿರಬೇಕು. ಮೂರನೆಯ ಭಾವನೆ ಹುಟ್ಟಿದ್ದು ಇಂಥದೇ ಒಂದು ರಾತ್ರಿಯಲ್ಲಿ ಎಂಬುದು ನನ್ನ ಊಹೆ.

ವ್ಯಾಜ್ಯವನ್ನು ಮುಗಿಸಿದ್ದು ಸೂತ್ರವಲ್ಲ, ನಮ್ಮ ದಾರಿಕಾರ. ಅವನು ಏನನ್ನೂ ಹೇಳದೆ ತನ್ನ ಗೋಂಗಡಿ ಕಂಬಳಿಯನ್ನು ಎತ್ತಿಕೊಂಡು ಹೋಗಿ, ಗಾಳಿ ನೇರವಾಗಿ ಹೊಡೆಯುವ ಹೊಸ್ತಿಲಿನ ಬಳಿ ಹಾಸಿದ. ಅನಂತರ ಗಣಿತದವರತ್ತ ತಿರುಗಿ ಮರಾಠಿಯಲ್ಲಿ, “ಕಾಕಾ, ನೀವು ಗೋಡೆಯ ಕಡೆ ಮಲಗಿ, ಕಾಲು ಚಾಚಲು ಅಲ್ಲಿ ಎಡೆ ಇದೆ” ಎಂದ. ಎಲ್ಲರೂ ಮಗ್ಗುಲಾಗಿ ಮಲಗಿದೆವು. ಹದಿನೈದು ಮೈಗಳ ಕಾವಿನಿಂದಾಗಿ ಆ ರಾತ್ರಿ ಕಲ್ಲು ಅಷ್ಟಾಗಿ ಕೊರೆಯಲಿಲ್ಲ.

ಬೆಳಗ್ಗೆ ಕಂಡದ್ದು ಗೋಡೆಯ ಮಸಿ. ಎಷ್ಟೋ ವರ್ಷಗಳ ಅಡುಗೆಯ ಹೊಗೆ ಉಳಿಯ ಗೆರೆಗಳನ್ನು ಮುಚ್ಚಿತ್ತು. ಮಸಿಯ ಮೇಲೆ ಪ್ರೇಮಿಗಳ ಹೆಸರುಗಳು. ಶಾಸನಗಳನ್ನು ಓದಿ ಹೊಟ್ಟೆ ಹೊರೆದವನಿಗೆ ಇದು ನೋಡಲಾಗದ ದೃಶ್ಯ. ಬಂದವರನ್ನು ತಡೆಯಬಾರದು, ನಿಜ. ಬಂದವರು ತಮ್ಮ ನಂತರ ಬರುವವರಿಗೆ ಏನನ್ನು ಬಿಟ್ಟುಹೋಗುತ್ತಾರೆ ಎಂದು ಕೇಳದಿರಲು ಮಾತ್ರ ನನ್ನಿಂದಾಗದು.

ಹುಡುಗರು ಕೊಂಕಣ ಕಡೆಯ ಪ್ರಪಾತವನ್ನು ನೋಡಲು ಹೊರಟರು. ಅವರಲ್ಲೊಬ್ಬ ಗಣಿತದವರ ಮೊಣಕಾಲಿಗೆ ತನ್ನ ಬಟ್ಟೆಯ ಪಟ್ಟಿಯನ್ನು ಬಿಗಿದುಕೊಟ್ಟ. ದಾರಿಕಾರ ಹಸಿರು ಟೊಂಗೆಯೊಂದನ್ನು ಕಿತ್ತು ತಂದು ಗುಹೆಯ ನೆಲವನ್ನು ಗುಡಿಸಿದ. ಉಳಿದ ಸೌದೆಯನ್ನು ನೀರು ಬೀಳದ ಮೂಲೆಯಲ್ಲಿ ಒಟ್ಟಿದ. ಗಣಿತದವರು ಕುಂಟುತ್ತ ಬಂದು, ತಮ್ಮ ಚೀಲದಲ್ಲಿದ್ದ ಅವಲಕ್ಕಿ, ಬೆಲ್ಲ, ಅರ್ಧ ಬೆಂಕಿಪೊಟ್ಟಣವನ್ನು ಆ ಸೌದೆಯ ಮೇಲಿಟ್ಟರು. ಇತಿಹಾಸದವರು ಅವರ ಚೀಲವನ್ನು ತಮ್ಮ ಹೆಗಲಿಗೇರಿಸಿಕೊಂಡರು. ನಾವು ಖಿರೇಶ್ವರದ ಕಡೆಗೆ ಇಳಿಯತೊಡಗಿದೆವು.