ಈರುಳ್ಳಿ ಬೆಳೆಯದವರಿಗೆ ಉದ್ರಿ ಇಲ್ಲ

ಈರುಳ್ಳಿ ದರ ಏರಿತೆಂದರೆ ನಮ್ಮ ಮನೆಯಲ್ಲಿ ಅಮ್ಮ ಗೊಣಗುತ್ತಿದ್ದಳು. ನಾಸಿಕ್ ಜಿಲ್ಲೆಯ ಲಾಸಲಗಾಂವ್‌ನ ಕಿರಾಣಿ ಅಂಗಡಿಯ ಕಾಕಾ ಮಾತ್ರ ಅಂಥ ದಿನ ನಮ್ಮ ಕೈಗೆ ಎರಡು ಪೆಪ್ಪರಮೆಂಟು ಹೆಚ್ಚಿಗೆ ಹಾಕುತ್ತಿದ್ದರು. ದರ ಏರಿದರೆ ರೈತರ ಹಳೇ ಬಾಕಿ ತೀರುತ್ತದೆಂಬ ಅರ್ಥಶಾಸ್ತ್ರ ನನಗೆ ನಾಲಿಗೆಯ ಮೂಲಕವೇ ತಲೆಗೆ ಹತ್ತಿತು.

ಅಪ್ಪ ಓಝರ್‌ನ ಎಚ್‌ಎಎಲ್‌ನಲ್ಲಿದ್ದರು. ಮಿಗ್ ವಿಮಾನ ತಯಾರಿಸಲೆಂದು 1964ರಲ್ಲಿ ಶುರುವಾದ ಆ ಕಾರ್ಖಾನೆಗೆ ಬೆಂಗಳೂರಿನಿಂದ ವರ್ಗವಾಗಿ ಬಂದ ಸಂಸಾರ ನಮ್ಮದು. ಬೇಸಿಗೆ ಬಂತೆಂದರೆ ಅಪ್ಪ ವಿಮಾನಗಳನ್ನು ಮರೆತು, ಅದೇ ನಿಫಾಡ ತಾಲೂಕಿನ ಲಾಸಲಗಾಂವ್‌ಗೆ ಒಂದು ಮೂಟೆ ಈರುಳ್ಳಿ ತರಲು ಹೊರಡುತ್ತಿದ್ದರು. ಮಳೆಗಾಲವಿಡೀ ಕೆಡದೆ ನಿಲ್ಲುವುದು ಬೇಸಿಗೆ ಬೆಳೆಯೇ. ನಾವು ಬಾಲ ಹಿಡಿದು ಹೋಗುತ್ತಿದ್ದುದು ಅಂಗಡಿಯ ಆಸೆಗೆ.

ಅಲ್ಲಿಯ ಮಾರುಕಟ್ಟೆ ಸಮಿತಿ ಶುರುವಾದದ್ದು 1947ರಲ್ಲಿ. ನಮ್ಮ ಅಂಗಡಿ ಅದಕ್ಕಿಂತ ಹಿರಿಯದೆಂದು ಆ ಮನೆಯವರ ವಾದ. ದಾಖಲೆ ಕೇಳಿದರೆ ಗೆದ್ದಲು ತಿಂದ ಬಾಗಿಲು ತೋರಿಸುತ್ತಾರೆ. ದಬ್ಬಣ, ಸುತಳಿ, ಲಾಟೀನಿನ ಗಾಜು, ಮದುವೆಯ ಬಾಸಿಂಗ ಎಲ್ಲವೂ ಒಂದೇ ಸಾಲಿನ ಮೊಳೆಗಳಿಗೆ ತೂಗುಬಿದ್ದಿರುತ್ತಿದ್ದವು. ಬೆಲ್ಲದ ಪಕ್ಕದಲ್ಲೇ ಸೀಮೆಎಣ್ಣೆ. ಆ ಮನೆಯ ಬೆಲ್ಲ ಬೆರೆಸಿದ ಚಹಾ ಕುಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕಾಕಾನ ಅಪ್ಪ ಆಜೋಬಾ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಹೇಳುತ್ತಿದ್ದ ಕಥೆಗಳಲ್ಲಿ ಒಂದು, 1957ರ ಏಪ್ರಿಲ್‌ನಲ್ಲಿ ನಯಾ ಪೈಸೆ ಬಂದಾಗಿನದು. ಆಣೆಗೆ ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯವಿಲ್ಲ, ಹಾಗಾಗಿ ಒಂದಾಣೆಗೆ ಆರು, ನಾಲ್ಕಾಣೆಗೆ ಇಪ್ಪತ್ತೈದು. ಊರಿನ ಮುದುಕಿಯರು ಒಂದೇ ವಾರದಲ್ಲಿ ಈ ಗಣಿತ ಅರೆದು ಕುಡಿದರು. ನಾಲ್ಕಾಣೆ ಬೆಲ್ಲವನ್ನು ಒಂದೊಂದಾಣೆಯಂತೆ ನಾಲ್ಕು ಸಲ ಬಂದು ಕೊಂಡರೆ ಒಂದು ಪೈಸೆ ಉಳಿತಾಯ! ಆಜೋಬಾ ಜಗಳವಾಡಲಿಲ್ಲ. ನಾಲ್ಕನೆಯ ಸಲದ ಬೆಲ್ಲ ತುಸು ಸಣ್ಣದಾಗುತ್ತಿತ್ತಂತೆ, ಅಷ್ಟೆ.

ಅಂಗಡಿಯ ನಿಜವಾದ ಸರಕು ಉದ್ರಿ. ಟ್ರಾಕ್ಟರು ಹರಾಜಿಗೆ ನಿಲ್ಲಬೇಕು, ವ್ಯಾಪಾರಿಗಳು ಈರುಳ್ಳಿ ಹಿಚುಕಿ ನೋಡಿ ಕ್ವಿಂಟಾಲಿಗಿಷ್ಟು ಎಂದು ಕೂಗಬೇಕು, ತೂಕವಾಗಬೇಕು, ದುಡ್ಡು ಕೈಸೇರಬೇಕು. ಅಲ್ಲಿಯ ತನಕ ರೈತನ ಸಕ್ಕರೆ, ಸಾಬೂನು, ಮಗಳ ಮದುವೆಯ ಬಾಸಿಂಗ ಎಲ್ಲವೂ ಕೆಂಪು ಬಟ್ಟೆ ಹೊದಿಸಿದ ಖಾತೆ ಪುಸ್ತಕದಲ್ಲಿ. ಕಾಕಾ ಅದನ್ನು ಬರೆಯುವಾಗ ಪೆನ್ಸಿಲಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿಕೊಳ್ಳುತ್ತಿದ್ದರು. ದೊಡ್ಡ ಬಾಕಿಯಾದರೆ ಎರಡು ಸಲ. 1998ರಲ್ಲಿ ಈರುಳ್ಳಿ ದಿಲ್ಲಿಯ ಸರ್ಕಾರವನ್ನೇ ಉರುಳಿಸಿತೆಂದು ಪತ್ರಿಕೆಗಳು ಬರೆದವು. ಕಾಕಾ ಮುಖಪುಟ ತಿರುಗಿಸಿ ಒಳಗಿನ ದರಪಟ್ಟಿ ಓದಿದರು.

ಈಗ ಗಲ್ಲೆಯಲ್ಲಿ ಕೂರುವವನು ಕಾಕಾನ ಮೊಮ್ಮಗ. ದಬ್ಬಣದ ಮೊಳೆಗೆ ಶಾಂಪೂ ಪೊಟ್ಟಣಗಳ ಮಾಲೆ ಬಂದಿದೆ. ಇಪ್ಪತ್ತು ರೂಪಾಯಿ ಬಂದರೂ ಬೀದಿಗೆಲ್ಲ ಕೇಳುವಂತೆ ಸಾರುವ ಪುಟ್ಟ ಡಬ್ಬಿಯೂ ಬಂದಿದೆ. ಆಜೋಬಾ ಇದ್ದಿದ್ದರೆ ಅದರ ಬಾಯಿಗೆ ಬಟ್ಟೆ ತುರುಕುತ್ತಿದ್ದರು. ಅಂಗಡಿಯ ಗಳಿಕೆ ಅವರ ಹೆಂಡತಿಗೂ ಗೊತ್ತಿರಲಿಲ್ಲ.

2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಈರುಳ್ಳಿ ರಫ್ತು ನಿಷೇಧಿಸಿತು. ರೈತರು ಸಿಟ್ಟಿಗೆದ್ದು ಹರಾಜು ನಿಂತಿತು. ಹರಾಜು ಮತ್ತೆ ಶುರುವಾದರೂ ನಿಷೇಧ ತೆರವಾದದ್ದು ಮುಂದಿನ ಮೇ ತಿಂಗಳಲ್ಲಿ. ಆಮೇಲೆ ಹೋದಾಗ ನೋಡಿದರೆ ಡಬ್ಬಿಯ ಬದಿಯಲ್ಲೇ ಅದೇ ಕೆಂಪು ಪುಸ್ತಕ, ಮೊದಲಿಗಿಂತ ದಪ್ಪವಾಗಿ. "ಫೋನಿನಲ್ಲೇ ಉದ್ರಿ ಬರೆದಿಡಬಹುದಲ್ಲಪ್ಪಾ?" ಎಂದೆ.

"ಬರೆದು ನೋಡಿದೆ ಕಾಕಾ," ಎಂದ. ನಾನೂ ಕಾಕಾ ಆಗುವ ವಯಸ್ಸು ಬಂದಿದೆ, ಇರಲಿ. "ಅದು ತಾರೀಖು ಬಂದ ಕೂಡಲೇ ತಾನಾಗಿಯೇ 'ಬಾಕಿ ಕಟ್ಟಿ' ಅಂತ ಸಂದೇಶ ಕಳಿಸುತ್ತದೆ. ದರ ಬಿದ್ದಿರುವಾಗ ಹಾಗೆ ಕಳಿಸಿದರೆ ಗಿರಾಕಿ ನಾಳೆ ಎದುರಿನ ಅಂಗಡಿಯಲ್ಲಿರುತ್ತಾನೆ. ಪುಸ್ತಕ ಬಾಯಿ ಬಿಡುವುದಿಲ್ಲ."

ಆ ಕಡೆ ಹೋದರೆ ನೀವೂ ಹೊಕ್ಕು ಬನ್ನಿ. ದಬ್ಬಣ ಈಗಲೂ ಸಿಗುತ್ತದೆ, ಒಳಗಿನ ಡಬ್ಬದಲ್ಲಿದೆ, ಕೇಳಬೇಕು. ಜೇಬಿನಲ್ಲಿ ದುಡ್ಡಿರಲಿ. ಈರುಳ್ಳಿ ಬೆಳೆಯದವರಿಗೆ ಅಲ್ಲಿ ಉದ್ರಿ ಕೊಡುವುದಿಲ್ಲ.