ಬಿಕ್ಕಳಿಸುವ ಗಾಡಿ

ರೋಗಗಳಲ್ಲಿ ಎರಡು ಬಗೆ. ಒಂದು, ಬಂದು ಕುಳಿತುಬಿಡುವಂಥದು. ವೈದ್ಯನು ಬಂದಾಗಲೂ ಅದು ಅಲ್ಲಿಯೇ ಇರುತ್ತದೆ. ಆದುದರಿಂದ ಅವನು ಅದನ್ನು ಕಂಡು ಹೆಸರಿಡಬಲ್ಲನು. ಇನ್ನೊಂದು, ಬಂದು ಹೋಗುವಂಥದು. ವೈದ್ಯನು ನಾಡಿ ಹಿಡಿದಾಗ ಅದು ಮಾಯವಾಗಿರುತ್ತದೆ. ಅವನು ಹೊಸ್ತಿಲು ದಾಟಿದೊಡನೆ ಮರಳಿ ಕಾಣಿಸಿಕೊಳ್ಳುತ್ತದೆ. ಮನುಷ್ಯರಂತೆ ಯಂತ್ರಗಳಿಗೂ ಈ ಎರಡು ಬಗೆಯ ರೋಗಗಳುಂಟು. ಪೂರ್ತಿ ನಿಂತುಹೋದ ಎಂಜಿನನ್ನು ಸರಿಪಡಿಸುವುದು ಅಷ್ಟೇನೂ ಕಷ್ಟವಲ್ಲ. ಓಡುತ್ತಿರುವಾಗಲೇ ನಡುನಡುವೆ ಒಂದೊಂದು ಬಡಿತವನ್ನು ಬಿಟ್ಟುಬಿಡುವ ಎಂಜಿನು ಮಾತ್ರ ಎಂಥ ಜಾಣನ ತಾಳ್ಮೆಯನ್ನೂ ಒರೆಗೆ ಹಚ್ಚುತ್ತದೆ. ಮೆಕ್ಯಾನಿಕರು ಇದನ್ನು ‘ಮಿಸ್ಸಿಂಗ್’ ಎನ್ನುತ್ತಾರೆ. ನಮ್ಮೂರಿನ ಹಿರಿಯರು ‘ಗಾಡಿಗಿ ಬಿಕ್ಕಳಿಕಿ ಹತ್ಯಾದ’ ಎನ್ನುತ್ತಿದ್ದರು. ಎರಡನೆಯ ಮಾತೇ ಹೆಚ್ಚು ಸರಿಯೆಂದು ನನಗೆ ತೋರುತ್ತದೆ.

ನಮ್ಮೂರು ಜೇವರ್ಗಿ ತಾಲೂಕಿನ ಅಂದೋಲಾ. ಕಣ್ಣು ಹಾಯುವಷ್ಟು ದೂರವೂ ಎರೆಭೂಮಿ; ತೊಗರಿ, ಜೋಳ, ಹತ್ತಿ ಇಲ್ಲಿಯ ಬೆಳೆಗಳು. ಮುಂಗಾರಿನಲ್ಲಿ ಬಿತ್ತಿದ ತೊಗರಿಯು ಡಿಸೆಂಬರ್, ಜನವರಿಯ ಹೊತ್ತಿಗೆ ಕಣಕ್ಕೆ ಬರುತ್ತದೆ. ಈ ಸೀಮೆಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ದೊರೆಯಿತು. ಆದರೆ ಅದರ ರುಚಿಯನ್ನು ನಾಡು ಬಲ್ಲುದು ಬಹು ಹಿಂದಿನಿಂದಲೂ. ರಾಶಿ ಮುಗಿದ ಮೇಲೆ ಚೀಲಗಳನ್ನು ಪೇಟೆಗೆ ಸಾಗಿಸಬೇಕು. ಜೇವರ್ಗಿಯಿಂದ ಭೀಮಾ ನದಿಯನ್ನು ದಾಟಿ ಸುಮಾರು 40 ಕಿಲೋಮೀಟರು ಹೋದರೆ ಕಲಬುರಗಿ. 2014ರವರೆಗೆ ಅದರ ಹೆಸರು ಗುಲ್ಬರ್ಗಾ ಎಂದಿತ್ತು. ನಮ್ಮ ದೊಡ್ಡಪ್ಪನವರಲ್ಲಿ ಪೆಟ್ರೋಲಿನಿಂದ ಓಡುವ ಒಂದು ಹಳೆಯ ಪಿಕಪ್ ಗಾಡಿ ಇತ್ತು. ನಮ್ಮ ಮನೆಯ ತೊಗರಿಯಷ್ಟೇ ಅಲ್ಲ, ಓಣಿಯ ಹತ್ತಾರು ಮನೆಗಳ ತೊಗರಿಯೂ ಅದರ ಬೆನ್ನ ಮೇಲೆಯೇ ಪೇಟೆಯನ್ನು ಕಾಣಬೇಕಾಗಿತ್ತು.

1988ರ ಡಿಸೆಂಬರಿನಲ್ಲಿ, ಸುಗ್ಗಿಯ ನಡುವೆಯೇ, ಆ ಗಾಡಿಗೆ ಬಿಕ್ಕಳಿಕೆ ಹತ್ತಿತು. ಮನೆಯ ಮುಂದೆ ನಿಂತಾಗ ಎಂಜಿನು ತಕ್ಕಡಿ ಹಿಡಿದಂತೆ ಸಮನಾಗಿ ಓಡುತ್ತಿತ್ತು. ರಸ್ತೆಗೆ ಇಳಿದು ಹದವಾದ ವೇಗ ಬಂದೊಡನೆ ಯಾರೋ ಹಿಂದಿನಿಂದ ಹಗ್ಗ ಜಗ್ಗಿದಂತೆ ಮುಗ್ಗರಿಸುತ್ತಿತ್ತು. ದೊಡ್ಡಪ್ಪನವರು ಅದನ್ನು ನಗರದ ಒಂದು ಗ್ಯಾರೇಜಿಗೆ ಒಯ್ದರು. ಅಲ್ಲಿ ಪ್ಲಗ್ಗು, ಪಾಯಿಂಟು, ಕಂಡೆನ್ಸರು, ಕಾಯಿಲು ಎಲ್ಲವನ್ನೂ ಒಂದೇ ದಿನ ಬದಲಿಸಿದರು. ಕಾರ್ಬುರೇಟರನ್ನು ಬಿಚ್ಚಿ ತೊಳೆದರು. ಬಿಕ್ಕಳಿಕೆ ನಿಲ್ಲಲಿಲ್ಲ. ಇನ್ನೊಂದು ಗ್ಯಾರೇಜಿನವರು ಎಂಜಿನನ್ನೇ ಇಳಿಸಿ ಬೋರು ಮಾಡಿಸಬೇಕೆಂದರು. ಅದಕ್ಕೆ ಅವರು ಹೇಳಿದ ಹಣದಲ್ಲಿ ಒಂದು ಜೊತೆ ಎತ್ತು ಬರುತ್ತಿತ್ತು.

ಕಾರಣ ಸಿಗದಿದ್ದಾಗ ಮನುಷ್ಯನು ತಪ್ಪಿತಸ್ಥನನ್ನು ಹುಡುಕತೊಡಗುತ್ತಾನೆ. ನಮ್ಮ ಗಾಡಿಯನ್ನು ನಡೆಸುತ್ತಿದ್ದವನು ಇಪ್ಪತ್ತರ ಹರೆಯದ ಒಬ್ಬ ಹುಡುಗ. ತಂದೆ ಇಲ್ಲದ ಮನೆ. ತಾಯಿ ಮತ್ತು ಇಬ್ಬರು ತಂಗಿಯರ ಹೊಟ್ಟೆ ತುಂಬುತ್ತಿದ್ದುದು ಅವನ ಸಂಬಳದಿಂದ. ಅವನು ಟಾಂಕಿಯ ಪೆಟ್ರೋಲನ್ನು ತೆಗೆದು ಮಾರಿಕೊಂಡು, ಅದರ ಬದಲು ಸೀಮೆಎಣ್ಣೆ ಬೆರೆಸುತ್ತಿದ್ದಾನೆಂದು ಯಾರೋ ದೊಡ್ಡಪ್ಪನವರ ಕಿವಿಯಲ್ಲಿ ಊದಿದರು. ಆ ಕಾಲದಲ್ಲಿ ಅಂಥ ಮೋಸ ಅಪರೂಪವೇನೂ ಆಗಿರಲಿಲ್ಲ. ಹುಡುಗನನ್ನು ಕಟ್ಟೆಯ ಮುಂದೆ ನಿಲ್ಲಿಸಿ ಕೇಳಿದಾಗ ಅವನ ತುಟಿ ನಡುಗಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆಯನ್ನು ಒಬ್ಬರು ಹೇಳಿಯೂ ಬಿಟ್ಟರು. ಹೆಗಲು ಮುಟ್ಟಿಕೊಳ್ಳುವವರೆಲ್ಲ ಕಳ್ಳರಲ್ಲ, ಬಡವರೂ ಹೆದರಿ ಹೆಗಲು ಮುಟ್ಟಿಕೊಳ್ಳುತ್ತಾರೆ ಎಂಬುದು ಆ ಕ್ಷಣ ಯಾರಿಗೂ ನೆನಪಾಗಲಿಲ್ಲ.

“ಧಣೇರ, ಏರಿನ್ಯಾಗ ಛಲೋ ಎಳೀತದ್ರಿ. ಸಪಾಟ ದಾರಿಗಿ ಬಂದ್ರ ಬಿಕ್ಕಳಿಸ್ತದ್ರಿ” ಎಂದು ಹುಡುಗನು ಹೇಳಿದನು.

“ಏರು ಹತ್ತೋ ಎತ್ತು ಬಯಲಾಗ ಮುಗ್ಗರಸ್ತದೇನೋ ತಮ್ಮಾ? ಸುಳ್ಳರೆ ಹೊಂದಿಸಿ ಹೇಳು” ಎಂದರು ದೊಡ್ಡಪ್ಪ. ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಸಂಕ್ರಾಂತಿ ಕಳೆದ ಮೇಲೆ ಬೇರೆ ಹುಡುಗನನ್ನು ನೋಡುವುದೆಂದು ತೀರ್ಮಾನವಾಯಿತು.

ಆಗ ನಾನು ನಿಮ್ಮಂತೆಯೇ ಒಂಬತ್ತನೆಯ ತರಗತಿಯಲ್ಲಿದ್ದೆ. ಗಾಡಿಯನ್ನು ಕೊನೆಯ ಸಲ ತೋರಿಸಿ ಬರಲು ಜೇವರ್ಗಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಅಲ್ಲಿ ರಸ್ತೆಯ ಬದಿಯ ಬೇವಿನ ಮರದ ಕೆಳಗೆ ಒಬ್ಬ ಮುದುಕ ಮಿಸ್ತ್ರಿ ಕೆಲಸ ಮಾಡುತ್ತಿದ್ದನು. ಅವನಿಗೆ ತಗಡಿನ ಚಪ್ಪರವೂ ಇರಲಿಲ್ಲ, ನಾಮಫಲಕವೂ ಇರಲಿಲ್ಲ. ಅವನು ಗಾಡಿಯ ಮುಚ್ಚಳವನ್ನು ತೆರೆಯಲಿಲ್ಲ. ಮೊದಲು ಹುಡುಗನನ್ನು ಹತ್ತಿರ ಕರೆದು ಕೂಡಿಸಿಕೊಂಡನು. ಬಿಕ್ಕಳಿಕೆ ಬೆಳಗಿನ ತಂಪಿನಲ್ಲಿ ಬರುತ್ತದೆಯೋ, ಬಿಸಿಯಾದ ಮೇಲೋ? ಭಾರವಿದ್ದಾಗಲೋ, ಬರಿದಾಗಿದ್ದಾಗಲೋ? ಹೀಗೆ ಒಂದೊಂದಾಗಿ ಕೇಳಿದನು. ಹುಡುಗನು ಅಂಜುತ್ತ ಅಂಜುತ್ತ ಏರಿನ ಮಾತನ್ನು ಹೇಳಿದನು. ಮಿಸ್ತ್ರಿ ನಗಲಿಲ್ಲ. “ಮತ್ತೊಮ್ಮೆ ಹೇಳು ಬೇಟಾ” ಎಂದನು.

ಅನಂತರ ಅವನು ದೊಡ್ಡಪ್ಪನವರ ಸಂಶಯವನ್ನೇ ಮೊದಲು ಪರೀಕ್ಷೆಗೆ ತೆಗೆದುಕೊಂಡನು. ಟಾಂಕಿಯಿಂದ ಸ್ವಲ್ಪ ಪೆಟ್ರೋಲು ತೆಗೆದು ನನ್ನ ನೋಟುಬುಕ್ಕಿನ ಬಿಳಿ ಹಾಳೆಯ ಮೇಲೆ ಎರಡು ಹನಿ ಬಿಟ್ಟನು. ಪಕ್ಕದಲ್ಲಿ ಕಂದೀಲಿನ ಸೀಮೆಎಣ್ಣೆಯ ಎರಡು ಹನಿ ಬಿಟ್ಟನು. ನಾವು ನೋಡುತ್ತಿರುವಂತೆಯೇ ಪೆಟ್ರೋಲಿನ ಹನಿಗಳು ಆರಿ, ಹಾಳೆ ಮೊದಲಿನಂತೆ ಬೆಳ್ಳಗಾಯಿತು. ಸೀಮೆಎಣ್ಣೆಯ ಕಲೆ ಮಾತ್ರ ಹಾಗೆಯೇ ಉಳಿಯಿತು. ಪೆಟ್ರೋಲು ಬೇಗ ಆವಿಯಾಗುವ ದ್ರವ, ಸೀಮೆಎಣ್ಣೆ ಹಾಗಲ್ಲ. ಬೆರಕೆಯಿದ್ದರೆ ಹಾಳೆಯ ಮೇಲೆ ಜಿಡ್ಡಿನ ಕಲೆ ಉಳಿಯಬೇಕಾಗಿತ್ತು. ಇಂದಿಗೂ ಪೆಟ್ರೋಲ್ ಬಂಕುಗಳಲ್ಲಿ ಗ್ರಾಹಕರು ಕೇಳಿದರೆ ಸೋಸುಕಾಗದದ ಮೇಲೆ ಇಂಥದೇ ಪರೀಕ್ಷೆಯನ್ನು ಮಾಡಿ ತೋರಿಸುತ್ತಾರೆ. ದೊಡ್ಡಪ್ಪನವರು ಹಾಳೆಯನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು, ಮಾತನಾಡಲಿಲ್ಲ.

ಆಮೇಲೆ ಎಂಜಿನಿನ ಸರದಿ. ಅದಕ್ಕೆ ನಾಲ್ಕು ಸಿಲಿಂಡರುಗಳು. ಎಂಜಿನು ಓಡುತ್ತಿರುವಾಗ ರಬ್ಬರಿನ ಹಿಡಿಯುಳ್ಳ ಇಕ್ಕಳದಿಂದ ಒಂದೊಂದೇ ಪ್ಲಗ್ಗಿನ ತಂತಿಯನ್ನು ಬಿಡಿಸಿ ನೋಡಿದನು. ಅದರಲ್ಲಿ ಸಾವಿರಾರು ವೋಲ್ಟುಗಳ ವಿದ್ಯುತ್ತು ಇರುವುದರಿಂದ ನನ್ನನ್ನು ದೂರ ನಿಲ್ಲಿಸಿದ್ದನು. ಸತ್ತ ಸಿಲಿಂಡರಿನ ತಂತಿಯನ್ನು ತೆಗೆದರೆ ಎಂಜಿನಿನ ದನಿ ಬದಲಾಗುವುದಿಲ್ಲ. ದುಡಿಯುತ್ತಿರುವುದರ ತಂತಿಯನ್ನು ತೆಗೆದರೆ ದನಿ ಕುಗ್ಗುತ್ತದೆ. ನಾಲ್ಕರಲ್ಲಿ ಯಾವುದನ್ನು ತೆಗೆದರೂ ದನಿ ಕುಗ್ಗಿತು. ಪ್ಲಗ್ಗುಗಳನ್ನು ಬಿಚ್ಚಿ ನೋಡಿದರೆ ನಾಲ್ಕರ ತುದಿಯೂ ಒಂದೇ ಸಮನೆ ಕಾಫಿಯ ಬಣ್ಣಕ್ಕಿತ್ತು. ಮಸಿಯಿಲ್ಲ, ಎಣ್ಣೆಯ ಜಿಡ್ಡಿಲ್ಲ. ಅಂದರೆ ಒಳಗಿನ ಉರಿ ಹದವಾಗಿದೆ. “ಎಂಜಿನು ಇಳಿಸೂದು ಬ್ಯಾಡ ಗೌಡ್ರೆ” ಎಂದು ಮಿಸ್ತ್ರಿ ಅಲ್ಲಿಗೇ ಹೇಳಿಬಿಟ್ಟನು. ದೋಷವು ಒಂದು ಸಿಲಿಂಡರಿನದಲ್ಲ. ನಾಲ್ಕಕ್ಕೂ ಕಿಡಿ ಹಂಚುವ ಮೂಲದಲ್ಲಿಯೇ ಇರಬೇಕು.

ಆ ಮೂಲವನ್ನು ಕುರಿತು ಸ್ವಲ್ಪ ಹೇಳಬೇಕು. 1831ರಲ್ಲಿ ಮೈಕೆಲ್ ಫ್ಯಾರಡೆಯು ಒಂದು ಸುರುಳಿಯಲ್ಲಿಯ ವಿದ್ಯುತ್ತನ್ನು ಹರಿಸಿದಾಗ ಅಥವಾ ಕಡಿದಾಗ ಪಕ್ಕದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದನು. 1910ರ ಸುಮಾರಿಗೆ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಎಂಬ ಎಂಜಿನಿಯರನು ಅದೇ ತತ್ತ್ವದಿಂದ, ಬ್ಯಾಟರಿಯ ಅಲ್ಪ ವಿದ್ಯುತ್ತನ್ನು ಬಳಸಿ ಮೋಟಾರು ಗಾಡಿಗಳಲ್ಲಿ ಕಿಡಿ ಹೊತ್ತಿಸುವ ವ್ಯವಸ್ಥೆಯನ್ನು ರೂಪಿಸಿದನು. ಡಿಸ್ಟ್ರಿಬ್ಯೂಟರಿನೊಳಗೆ ಪಾಯಿಂಟು ಎಂಬ ಪುಟ್ಟ ಜೋಡಿ ತುಟಿಗಳಿವೆ. ಅವು ತೆರೆದಾಗಲೆಲ್ಲ ಕಾಯಿಲಿನ ಒಂದು ಸುರುಳಿಯ ವಿದ್ಯುತ್ತು ಕಡಿದು, ಇನ್ನೊಂದು ಸುರುಳಿಯಲ್ಲಿ ಸಾವಿರಾರು ವೋಲ್ಟು ಹುಟ್ಟಿ, ಪ್ಲಗ್ಗಿನ ತುದಿಯಲ್ಲಿ ಕಿಡಿಯಾಗಿ ಹಾರುತ್ತದೆ. ನಾಲ್ಕು ಸಿಲಿಂಡರಿನ ಎಂಜಿನು ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸುತ್ತಿಗೆ ಎರಡರಂತೆ 6000 ಕಿಡಿ, ಅಂದರೆ ಸೆಕೆಂಡಿಗೆ 100 ಕಿಡಿ ಬೇಕು. ಒಂದೆರಡು ತಪ್ಪಿದರೂ ಗಾಡಿ ಮುಗ್ಗರಿಸುತ್ತದೆ.

ಕಿಡಿ ಹಾರಿದರೆ ಸಾಲದು, ಸಕಾಲಕ್ಕೆ ಹಾರಬೇಕು. ಸಮತಟ್ಟಾದ ರಸ್ತೆಯಲ್ಲಿ ನಿರಾಯಾಸವಾಗಿ ಹೋಗುವಾಗ ಎಂಜಿನಿನೊಳಗೆ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ವಿರಳವಾಗಿದ್ದು ನಿಧಾನವಾಗಿ ಉರಿಯುತ್ತದೆ. ಆಗ ಕಿಡಿಯು ತುಸು ಮುಂಚೆಯೇ ಹಾರಬೇಕು. ಅದಕ್ಕಾಗಿ ಎಂಜಿನಿನ ಹೀರುವ ಶಕ್ತಿಯೇ ಒಂದು ಸಣ್ಣ ನಳಿಗೆಯ ಮೂಲಕ ಡಿಸ್ಟ್ರಿಬ್ಯೂಟರಿನೊಳಗಿನ ತಟ್ಟೆಯನ್ನು ಎಳೆದು ಕೊಂಚ ತಿರುಗಿಸುತ್ತದೆ. ಏರಿನಲ್ಲಿ ಚಾಲಕನು ಪೆಡಲನ್ನು ಪೂರ್ತಿ ತುಳಿದಾಗ ಆ ಹೀರುವಿಕೆ ಕುಗ್ಗುತ್ತದೆ. ತಟ್ಟೆಯು ತನ್ನ ಮೊದಲಿನ ಜಾಗಕ್ಕೆ ಮರಳುತ್ತದೆ. ಗಾಡಿ ನಿಂತು ಎಂಜಿನು ಮೆಲ್ಲಗೆ ಓಡುವಾಗಲೂ ಆ ನಳಿಗೆಯಲ್ಲಿ ಎಳೆತವಿರುವುದಿಲ್ಲ. ಈಗ ಹುಡುಗನ ಮಾತನ್ನು ನೆನಪಿಗೆ ತಂದುಕೊಳ್ಳಿರಿ. ನಿಂತಾಗ ಸರಿ, ಏರಿನಲ್ಲಿ ಸರಿ, ಬಯಲಿನಲ್ಲಿ ಮಾತ್ರ ಬಿಕ್ಕಳಿಕೆ! ಯಾರಿಗೂ ಹೊಂದದಿದ್ದ ಮಾತು ಆ ತಟ್ಟೆಗೆ ಸರಿಯಾಗಿ ಹೊಂದುತ್ತಿತ್ತು.

ಮಿಸ್ತ್ರಿ ನಳಿಗೆಯನ್ನು ಬಿಡಿಸಿ, ಎಂಜಿನಿನ ಕಡೆಯ ತೂತಿಗೆ ಬೆಣೆ ಬಡಿದು, ಹುಡುಗನಿಗೆ ಗಾಡಿಯನ್ನು ಓಡಿಸಲು ಹೇಳಿದನು. ರಸ್ತೆಯ ಮೇಲೆ ಒಂದು ಸುತ್ತು ಹೋಗಿ ಬಂದೆವು; ಒಂದೂ ಬಿಕ್ಕಳಿಕೆಯಿಲ್ಲ. ಬಳಿಕ ಗಾಡಿಯನ್ನು ನಿಲ್ಲಿಸಿ, ಎಂಜಿನು ಓಡುತ್ತಿರುವಾಗಲೇ ಡಿಸ್ಟ್ರಿಬ್ಯೂಟರಿನ ಕಡೆಯ ನಳಿಗೆಯ ತುದಿಯನ್ನು ಬಾಯಲ್ಲಿಟ್ಟುಕೊಂಡು ಹೀರಿದನು. ಅದುವರೆಗೆ ಸಮನಾಗಿ ಓಡುತ್ತಿದ್ದ ಎಂಜಿನು ನಿಂತಲ್ಲಿಯೇ ಬಿಕ್ಕಳಿಸಿತು. ಬಿಟ್ಟನು, ಸರಿಯಾಯಿತು. ಮತ್ತೆ ಹೀರಿದನು, ಮತ್ತೆ ಬಿಕ್ಕಳಿಕೆ. ತಿಂಗಳಿಡೀ ನಮ್ಮನ್ನು ಸತಾಯಿಸಿದ ರೋಗವು ಈಗ ಅವನು ಕರೆದಾಗ ಬರುತ್ತಿತ್ತು, ಹೋಗೆಂದರೆ ಹೋಗುತ್ತಿತ್ತು. ರೋಗವನ್ನು ಕರೆಯಬಲ್ಲವನು ಅದನ್ನು ಕಳುಹಲೂ ಬಲ್ಲನು.

ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು, ಪಾಯಿಂಟಿಗೆ ವಿದ್ಯುತ್ತನ್ನು ಒಯ್ಯುವ ಬೆರಳುದ್ದದ ತಂತಿಯನ್ನು ಹಿಡಿದು ಮೆಲ್ಲಗೆ ಜಗ್ಗಿದನು. ಗಟ್ಟಿ ತಂತಿ ಜಗ್ಗಿದರೆ ಹಿಗ್ಗುವುದಿಲ್ಲ. ಇದು ರಬ್ಬರಿನಂತೆ ಹಿಗ್ಗಿತು. ಹೊರಗಿನ ಹೊದಿಕೆ ನೆಟ್ಟಗಿತ್ತು. ಒಳಗಿನ ತಾಮ್ರದ ಎಳೆಗಳು ತುಂಡಾಗಿದ್ದವು. ತಟ್ಟೆಯು ತನ್ನ ಜಾಗದಲ್ಲಿದ್ದಾಗ ತುಂಡುಗಳು ಒಂದನ್ನೊಂದು ಮುಟ್ಟುತ್ತಿದ್ದವು. ತಟ್ಟೆ ತಿರುಗಿದಾಗ ಅಗಲುತ್ತಿದ್ದವು. ಗ್ಯಾರೇಜಿನಲ್ಲಿ ಇಷ್ಟೆಲ್ಲ ಭಾಗಗಳನ್ನು ಬದಲಿಸಿದರೂ, ನೋಟಕ್ಕೆ ಚೆನ್ನಾಗಿದ್ದ ಈ ತಂತಿಯ ಮೇಲೆ ಯಾರಿಗೂ ಅನುಮಾನ ಬಂದಿರಲಿಲ್ಲ. ಮಿಸ್ತ್ರಿ ಕೂದಲಿನಂಥ ಎಳೆಗಳಿಂದ ಹೊಸೆದ ಇನ್ನೊಂದು ತಂತಿಯನ್ನು ಹುಡುಕಿ ಜೋಡಿಸಿದನು. ದಪ್ಪ ತಂತಿಯನ್ನೇ ಹಾಕಬಾರದೇಕೆ ಎಂದು ನಾನು ಕೇಳಿದೆ. “ದಿನಾ ಬಾಗಬೇಕಾದಲ್ಲಿ ಬಿರುಸಿನದು ಬಾಳಂಗಿಲ್ಲ ಬೇಟಾ, ಮೆತ್ತಂದೇ ಬಾಳತದ” ಎಂದನು.

ಅವನು ಕೇಳಿದ ಕೂಲಿ ಅತ್ಯಲ್ಪ. ದೊಡ್ಡಪ್ಪನವರು ಕೊಡಲು ಹೋದ ಹೆಚ್ಚಿನ ಹಣವನ್ನು ತಿರುಗಿಸಿ, “ಗಾಡಿ ನಡಸೋನ ಮಾತು ಮೊದಲು ಕೇಳ್ರಿ ಗೌಡ್ರೆ. ನಾವು ಒಂದು ತಾಸು ನೋಡ್ತೀವಿ, ಅಂವ ದಿನಾ ನೋಡ್ತಾನ” ಎಂದನು. ದೊಡ್ಡಪ್ಪನವರು ಮರಳುವಾಗ ದಾರಿಯುದ್ದಕ್ಕೂ ಮೌನವಾಗಿದ್ದರು. ಊರು ಮುಟ್ಟಿದ ಮೇಲೆ ಕಟ್ಟೆಯ ಮೇಲೆ ಎಂದಿನವರು ಕುಳಿತಿದ್ದರು. ಅವರೆಲ್ಲರ ಎದುರಿಗೆ ಹುಡುಗನ ಹೆಗಲ ಮೇಲೆ ಕೈಯಿಟ್ಟು, “ನೀ ಖರೇನೇ ಹೇಳಿದ್ದಿ ತಮ್ಮಾ. ನಾ ಕೇಳಲಿಲ್ಲ” ಎಂದರು. ಸಂಕ್ರಾಂತಿ ಕಳೆಯಿತು; ಗಾಡಿಯ ಕೀಲಿಕೈ ಅವನ ಕೈಯಲ್ಲಿಯೇ ಉಳಿಯಿತು.

ಇಂದಿನ ಗಾಡಿಗಳಲ್ಲಿ ಪಾಯಿಂಟೂ ಇಲ್ಲ, ಕಾರ್ಬುರೇಟರೂ ಇಲ್ಲ. ಎಂಜಿನಿನ ದಂಡವು ಒಂದು ಬಡಿತ ತಪ್ಪಿ ಕ್ಷಣಕಾಲ ನಿಧಾನವಾದರೆ ಅದನ್ನು ಅರಿಯುವ ಸಂವೇದಕವುಂಟು. ಅದನ್ನು ಎಣಿಸಿ ಚಾಲಕನ ಎದುರಿಗೆ ದೀಪ ಹೊತ್ತಿಸುವ ಕಂಪ್ಯೂಟರುಂಟು. ಇವು ಬಹಳ ಉಪಕಾರಿಗಳು. ಆದರೆ ಬಡಿತ ತಪ್ಪಿತೆಂದು ಹೇಳುವ ದೀಪವು ಏಕೆ ತಪ್ಪಿತೆಂಬುದನ್ನು ಅನೇಕ ವೇಳೆ ಹೇಳಲಾರದು. ಆ ಪ್ರಶ್ನೆಗೆ ಉತ್ತರವನ್ನು ಈಗಲೂ ಮನುಷ್ಯನೇ ಹುಡುಕಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ನೋಡಿ, ಮುಂದಿನ ಹೆಜ್ಜೆಯಿಡಬೇಕು.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ವಿಜ್ಞಾನದ ಪ್ರಯೋಗಶಾಲೆಯಲ್ಲಿ ಆ ಮಾತನ್ನು ಪಾಲಿಸುವುದು ಸುಲಭ; ಎದುರಿಗೆ ಹೆದರಿ ನಿಂತ ಒಬ್ಬ ಬಡ ಹುಡುಗನಿರುವಾಗ ಪಾಲಿಸುವುದು ಕಷ್ಟ. ಎಲ್ಲರೂ ಒಪ್ಪಿದ ಕಥೆಗೆ ಹೊಂದದ ಒಂದು ಮಾತನ್ನು ಯಾರಾದರೂ ಹೇಳಿದರೆ, ಅದನ್ನು ಸುಳ್ಳೆಂದು ತಳ್ಳುವ ಮೊದಲು “ಮತ್ತೊಮ್ಮೆ ಹೇಳು” ಎಂದು ಕೇಳುವ ಸೌಜನ್ಯ ನಮಗಿರಬೇಕು. ಹೊಂದದ ಆ ಮಾತಿನಲ್ಲಿಯೇ ಕೆಲವೊಮ್ಮೆ ನಾವು ಹುಡುಕುವ ತುಂಡಾದ ತಂತಿ ಅಡಗಿರುತ್ತದೆ.