ಸತ್ತವರು ಏಳುತ್ತಾರೆಯೇ, ಸರ್?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ನಾವು ಕ್ರೈಸ್ತರು ಅಲ್ಪಸಂಖ್ಯೆಯವರು. ಹೀಗಾಗಿ ಈಸ್ಟರ್ ಹಬ್ಬ ಬಂತೆಂದರೆ, ವಾರವೆಲ್ಲ ವಿಜ್ಞಾನ ಕಲಿಸಿ ಭಾನುವಾರ ಚರ್ಚಿಗೆ ಹೋಗುವ ನನ್ನನ್ನೇ ಮಕ್ಕಳು ಹಿಡಿದು ಕೇಳುತ್ತಾರೆ: "ಸತ್ತವರು ಎದ್ದು ಬರ್ತಾರಾ, ಸರ್? ಜೀವಕೋಶದ ಪಾಠ ಮಾಡಿದವರು ನೀವೇ ಅಲ್ವಾ?"

ಪ್ರಶ್ನೆ ಸರಿಯಾದದ್ದೇ. ರಕ್ತ ಹರಿಯುವುದು ನಿಂತ ಕೆಲವೇ ನಿಮಿಷಗಳಲ್ಲಿ ಆಮ್ಲಜನಕವಿಲ್ಲದೆ ಮೆದುಳಿನ ಕೋಶಗಳು ಸಾಯತೊಡಗುತ್ತವೆ. ಹಬ್ಬ ಬಂತೆಂದು ಈ ಪಾಠ ಬದಲಾಗುವುದಿಲ್ಲ. ಆದರೆ ಸತ್ತವರು ಏಳುವುದಿಲ್ಲ ಎಂಬುದು ವಿಜ್ಞಾನ ಈಚೆಗೆ ಕಂಡುಹಿಡಿದ ಸಂಗತಿಯೇನಲ್ಲ. ಎರಡು ಸಾವಿರ ವರ್ಷಗಳ ಹಿಂದೆ ಗಲಿಲಾಯದಲ್ಲಿ ಬಲೆ ಬೀಸುತ್ತಿದ್ದ ಬೆಸ್ತರಿಗೂ ಅದು ಗೊತ್ತಿತ್ತು. ಸಮಾಧಿ ಬರಿದಾಗಿದೆ ಎಂದು ಹೆಂಗಸರು ಬಂದು ಹೇಳಿದಾಗ ಶಿಷ್ಯರೇ ನಂಬಲಿಲ್ಲ. ತೋಮನಂತೂ ಗಾಯವನ್ನು ಮುಟ್ಟಿ ನೋಡಿದ ಹೊರತು ಒಪ್ಪಲಾರೆನೆಂದ. ಸುವಾರ್ತೆ ಬರೆದವರು ಈ ಸಂಶಯವನ್ನು ಮುಚ್ಚಿಡಲಿಲ್ಲ. ಅದಕ್ಕೇ ನನಗೆ ತೋಮನೆಂದರೆ ಇಷ್ಟ.

ವಿಜ್ಞಾನದ ಪ್ರಯೋಗ ನಡೆಯುವುದು ಮತ್ತೆ ಮತ್ತೆ ಪರೀಕ್ಷಿಸಬಹುದಾದುದರ ಮೇಲೆ. ಒಂದೇ ಸಲ ನಡೆಯಿತೆಂದು ಹೇಳುವ ಘಟನೆಯನ್ನು ಪ್ರಯೋಗಶಾಲೆಗೆ ತರಲಾಗದು. ಹಾಗಾಗಿ ಪುನರುತ್ಥಾನವನ್ನು ನಾನು ಸೂತ್ರದಂತೆ ಕಲಿಸುವುದಿಲ್ಲ, ಅದು ನಂಬಿಕೆ. ನಂಬಿಕೆಗೆ ಕೇಳಬೇಕಾದ ಪ್ರಶ್ನೆಯೇ ಬೇರೆ. ಇದನ್ನು ನಂಬಿದವನು ಸೋಮವಾರ ಬೆಳಿಗ್ಗೆ ಹೇಗೆ ಬದುಕುತ್ತಾನೆ?

ಈ ವಿಚಾರ ನಮ್ಮ ಕಡೆಗೆ ಹೊಸದಲ್ಲ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು, ಕನ್ನಡ ಕಲಿತು, ಬೈಬಲಿನ ಅನುವಾದಕ್ಕೆ ಕೈಹಾಕಿದರು. ಇಡೀ ಬೈಬಲ್ ಕನ್ನಡಕ್ಕೆ ಬಂದದ್ದು 1831ರಲ್ಲಿ. ನೆರೆಯ ಲಿಂಗಾಯತರಂತೆ ನಾವೂ ಸತ್ತವರನ್ನು ಮಣ್ಣಿಗೆ ಒಪ್ಪಿಸುವವರು. ಅವರು 'ಲಿಂಗೈಕ್ಯರಾದರು' ಎನ್ನುತ್ತಾರೆ. ನಾವು 'ಪ್ರಭುವಿನಲ್ಲಿ ನಿದ್ರಿಸಿದರು' ಎನ್ನುತ್ತೇವೆ. ಒಂದು ಮಾತಿನಲ್ಲಿ ಸೇರಿ ಒಂದಾದ ನೆಮ್ಮದಿಯಿದೆ, ಇನ್ನೊಂದರಲ್ಲಿ ಬೆಳಗಾಗುತ್ತದೆಂಬ ನಿರೀಕ್ಷೆಯಿದೆ.

ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೆಯ ಅಧ್ಯಾಯದಲ್ಲಿ ಪೌಲನು ಇದಕ್ಕೆ ಬಿತ್ತಿದ ಕಾಳಿನ ಹೋಲಿಕೆ ಕೊಡುತ್ತಾನೆ. ಜೀವಶಾಸ್ತ್ರದ ಪ್ರಕಾರ ಕಾಳು ಸತ್ತಿರುವುದಿಲ್ಲ. ನೀರು ತಾಗುವ ತನಕ ಬಹಳ ಮಂದವಾಗಿ ಉಸಿರಾಡುತ್ತ ಸುಪ್ತವಾಗಿರುತ್ತದೆ. ಆದರೆ ಅವನ ಮಾತಿನ ತಿರುಳು ಬೇರೆ. ಬಿತ್ತುವುದು ಕಾಳು, ಬರುವುದು ತೆನೆ. ಜೋಳ ಅದೇ, ರೂಪ ಮಾತ್ರ ಬೇರೆ. ಮಳೆ ನಂಬಿ ಮಸಾರಿ ನೆಲಕ್ಕೆ ಬೀಜ ಹಾಕುವ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ತಂದೆ ತೀರಿಕೊಂಡ ಮರುವಾರ ತಾಯಿ ಕಿರಾಣಿ ಅಂಗಡಿಗೆ, ಗೊಬ್ಬರದ ಅಂಗಡಿಗೆ ಹೋಗಿ ಅವರ ಬಾಕಿಯನ್ನೆಲ್ಲ ಕೇಳಿ ಬರೆಸಿಕೊಂಡು ಬಂದರು. "ಸತ್ತವರ ಸಾಲ, ಬಿಡಮ್ಮ" ಎಂದು ಅಂಗಡಿಯವರೇ ಹೇಳಿದರೂ ಕೇಳಲಿಲ್ಲ. ತೀರಿಸಲು ಎರಡು ಸುಗ್ಗಿ ಹಿಡಿಯಿತು. ಯಾಕಮ್ಮ ಇಷ್ಟು ಹಟ ಎಂದರೆ, "ಮುಂದೆ ಅವರ ಮುಖ ನೋಡಬೇಕಲ್ಲಪ್ಪ" ಎಂದರು. ಪುನರುತ್ಥಾನಕ್ಕೆ ಇದಕ್ಕಿಂತ ಸರಳವಾದ ವ್ಯಾಖ್ಯಾನವನ್ನು ನಾನು ಯಾವ ಪ್ರಸಂಗದಲ್ಲೂ ಕೇಳಿಲ್ಲ. ಸತ್ತವರೊಂದಿಗೂ ನಮ್ಮ ಲೆಕ್ಕ ಮುಗಿದಿಲ್ಲ ಎಂದು ನಂಬಿದವರು ಬದುಕಿರುವವರೊಂದಿಗೆ ಮೋಸದ ಲೆಕ್ಕ ಇಡಲಾರರು.

ಇನ್ನೊಂದು ಮಾತು. ಕ್ರೈಸ್ತರು ನಂಬುವುದು ಆತ್ಮ ಉಳಿಯುತ್ತದೆಂದು ಮಾತ್ರವಲ್ಲ, ದೇಹವೂ ಏಳುತ್ತದೆಂದು. ಹಾಗಿದ್ದರೆ ದೇಹ ಬಿಸಾಡುವ ಹಳೆಯ ಅಂಗಿಯಲ್ಲ. ರೋಗ ಬಂದ ದೇಹಕ್ಕೂ ಬೆಲೆಯುಂಟು. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ವೈದ್ಯ ಪಾಲ್ ಬ್ರ್ಯಾಂಡ್, ಕುಷ್ಠದಿಂದ ಮುರುಟಿದ ಕೈಗಳಿಗೆ ಬಲವಿರುವ ಸ್ನಾಯುರಜ್ಜುವನ್ನು ಜೋಡಿಸಿ ಬೆರಳು ಮತ್ತೆ ಆಡುವಂತೆ ಮಾಡಿದರು. ಜನ ಮುಟ್ಟಲು ಹೆದರುತ್ತಿದ್ದ ಕೈಗಳವು.

ಈಗ ಪೋಷಕರಿಗೆ ಎರಡು ಮಾತು. ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆಯ ನಂತರದ ಭಾನುವಾರ ಈಸ್ಟರ್. ನಮ್ಮಲ್ಲಿ ಅದು ಪರೀಕ್ಷೆ, ಫಲಿತಾಂಶಗಳ ಕಾಲ. 2024ರ ಈಸ್ಟರ್ ಮಾರ್ಚ್ 31ಕ್ಕೆ, ಎಸ್ಸೆಸ್ಸೆಲ್ಸಿ ಪರೀಕ್ಷೆಯ ನಡುವೆಯೇ ಬಂದಿತ್ತು. ಅಂಕ ಕಡಿಮೆಯಾದ ಮಗನಿಗೆ "ಇವತ್ತಿಗೆ ನೀನು ನಮ್ಮ ಪಾಲಿಗೆ ಸತ್ತೆ" ಎಂದ ತಂದೆಯರನ್ನು ನಾನು ಕಂಡಿದ್ದೇನೆ. ಅವರಲ್ಲಿ ಚರ್ಚಿಗೆ ಹೋಗುವವರೂ ಇದ್ದರು. ಪುನರುತ್ಥಾನ ನಂಬುವವನ ಬಾಯಲ್ಲಿ ಬರಬಾರದ ಮಾತೊಂದಿದ್ದರೆ ಅದು ಇದೇ.

ಪೇತ್ರನು ಯೇಸುವನ್ನು ಅರಿಯೆನೆಂದು ಮೂರು ಸಲ ಹೇಳಿದವನು, ಶಿಷ್ಯನಾಗಿ ನಪಾಸಾದವನು. ಎದ್ದುಬಂದ ಯೇಸು ಅವನನ್ನು ದಡದಲ್ಲಿ ಕಂಡಾಗ ಕೆಂಡದ ಮೇಲೆ ಮೀನು ಸುಡುತ್ತಿತ್ತು, ರೊಟ್ಟಿಯಿತ್ತು. ಮೊದಲು ಉಣಲು ಕರೆದ. ಊಟವಾದ ಮೇಲೆ, ನನ್ನ ಮೇಲೆ ಪ್ರೀತಿಯಿದೆಯೇ ಎಂದು ಮೂರು ಸಲ ಕೇಳಿದ. ಕಡೆಗೆ ಜವಾಬ್ದಾರಿಯ ಕೆಲಸವನ್ನೇ ಒಪ್ಪಿಸಿದ. ಆದದ್ದನ್ನು ಆಗಿಲ್ಲವೆನ್ನಲಿಲ್ಲ, ಅವನ ಕೈಯ ಗಾಯದ ಗುರುತೂ ಮಾಯವಾಗಿರಲಿಲ್ಲ. ಪುನರುತ್ಥಾನ ಶುಕ್ರವಾರವನ್ನು ಅಳಿಸುವುದಿಲ್ಲ. ಶುಕ್ರವಾರವೇ ಕೊನೆಯಲ್ಲ ಎನ್ನುತ್ತದೆ, ಅಷ್ಟೆ.

ನಿಮ್ಮ ನಂಬಿಕೆ ಯಾವುದೇ ಇರಲಿ. ಫಲಿತಾಂಶದ ದಿನ ಮಗು ಬಸ್ ಸ್ಟ್ಯಾಂಡಿನಲ್ಲಿ ಅಡ್ಡಾಡಿ ಕತ್ತಲಾದ ಮೇಲೆ ಮನೆಗೆ ಬಂದರೆ, ಅಂಕಪಟ್ಟಿ ಕೇಳುವ ಮೊದಲು ತಟ್ಟೆ ಹಾಕಿ.